ಹೂ ಕೇಳಲು ಹೋದದ್ದು

ಮೊನ್ನೆ ಮಧ್ಯಾಹ್ನ, ಲ್ಯಾಬಿನಲ್ಲಿ ಸ್ಪಿರಿಟ್ ದೀಪದ ವಾಸನೆ ಇನ್ನೂ ಆಡುತ್ತಿರುವಾಗಲೇ, ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿಯೊಬ್ಬಳು ಬಂದು ನಿಂತಳು. “ಮೇಡಮ್, ಪಿ.ಜಿ. ಮಾಡ್ಲ್ಯೋ, ಇಂಟರ್ನ್‌ಶಿಪ್‌ಗೆ ಹೋಗ್ಲ್ಯೋ? ನೀವ ಹೇಳ್ರಿ.” ಕೆಮಿಸ್ಟ್ರಿ ಕಲಿಸುವವರಿಗೆ ಎಲ್ಲಕ್ಕೂ ಉತ್ತರ ಗೊತ್ತಿರುತ್ತದೆಂದು ಈ ಮಕ್ಕಳು ಯಾಕೆ ನಂಬುತ್ತಾರೋ, ನೀವೇ ಹೇಳಿ. ಕುಳಿತುಕೊಳ್ಳಲು ಹೇಳಿದೆ. ಉತ್ತರ ಹುಡುಕುವ ನೆಪದಲ್ಲಿ ಮನಸ್ಸು ಹಿಂದಕ್ಕೆ ಹೋಯಿತು.

ಇಂಟರ್ನ್‌ಶಿಪ್ ಎಂಬ ಶಬ್ದ ತೊಂಬತ್ತರ ದಶಕದ ಬೈಲಹೊಂಗಲಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ. ನಮಗಿದ್ದದ್ದು ‘ಟ್ರೇನಿಂಗ್’. ಡಿಗ್ರಿ ಮುಗಿಸಿದ ನನಗೆ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಅದು ಸಿಕ್ಕಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಸೀಟೂ ಸಿಕ್ಕಿತ್ತು. ಎರಡೂ ಕಡೆ ಹಾಜರಾಗಬೇಕಾದದ್ದು ಬರುವ ಸೋಮವಾರವೇ. ಒಂದನ್ನು ಹಿಡಿದರೆ ಇನ್ನೊಂದು ಹೋಯಿತು.

ಬುದ್ಧಿ ಹೇಳುವವರಿಗೇನು ಬರ? ಕಿತ್ತೂರಿನ ಮಾವ ಹೈವೇ ಲಾರಿಗಳನ್ನು ತೋರಿಸಿ, “ನಿಂತ ಗಾಡಿಗೆ ಬಾಡಿಗಿ ಇಲ್ಲ, ಕೆಲಸಕ್ಕ ಹತ್ತು” ಎಂದ. ಸವದತ್ತಿಯ ಅತ್ತೆ, “ಕಲಿಯೂದು ನಡುವ ಬಿಟ್ರ ಅರ್ಧ ಬೆಂದ ರೊಟ್ಟಿ ಇದ್ದಂಗ” ಎಂದಳು. ನನಗೆ ಇಬ್ಬರ ಮಾತೂ ಖರೆ ಅನ್ನಿಸಿತು. ಅದೇ ನನ್ನ ರೋಗ, ಕೊನೆಗೆ ಯಾರು ಮಾತಾಡಿದರೋ ಅವರ ಪಕ್ಷ. ತಲೆ ಮೊಸರು ಗಡಿಗೆಯಾಯಿತು.

“ದೇವ್ರನ್ನ ಕೇಳಿ ಬಿಡೂಣು,” ಎಂದ ಅಪ್ಪ. ರಾಮದುರ್ಗದ ಕಡೆಯ ವೀರಭದ್ರ ನಮ್ಮ ಮನೆದೇವರು. ಅಲ್ಲಿ ಹೂ ಕೇಳುವ ಪದ್ಧತಿ. ಪೂಜಾರಿ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಪ್ರಶ್ನೆಯನ್ನು ಮಾತ್ರ ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು, ಬಾಯಿ ಬಿಡುವಂತಿಲ್ಲ.

ಮೂವರೂ ಹೋಗಿ ಗುಡಿಯಲ್ಲಿ ನಿಂತೆವು. ಬಲಗಡೆಯ ಹೂ ಬಿತ್ತು. ಅಪ್ಪ, ಅವ್ವ ಒಟ್ಟಿಗೇ ಕೈ ಮುಗಿದರು, ಇಬ್ಬರ ಮುಖವೂ ಅರಳಿತು. ನನಗೆ ಅಲ್ಲೇ ಸಂಶಯ ಬರಬೇಕಿತ್ತು.

“ನಡೀರಿ, ಧಾರವಾಡಕ್ಕ ಹಾಸಿಗಿ ಕಟ್ಟೂಣು,” ಎಂದಳು ಅವ್ವ.

“ಧಾರವಾಡಕ್ಯಾಕ? ನಾ ಫ್ಯಾಕ್ಟರಿಗೆ ಕಳಸ್ಲ್ಯಾ ಅಂತ ಕೇಳೇನಿ. ಹೌದಂದಾನ.”

“ನಾ ಎಂ.ಎಸ್ಸಿ. ಓದಸ್ಲ್ಯಾ ಅಂತ ಕೇಳೇನಿ. ನನಗೂ ಹೌದಂದಾನ!”

ಇದನ್ನು ಮನೆಯಲ್ಲೇ ಮಾತಾಡಿಕೊಂಡು ಬರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪೂಜಾರಿ ನನ್ನತ್ತ ತಿರುಗಿದ. “ಹೋಗಾಕಿ ನೀ. ನೀ ಏನ್ ಕೇಳ್ದಿ ತಂಗಿ?”

ನಾನು ಏನೂ ಕೇಳಿರಲಿಲ್ಲ. ಹೂ ಯಾವಾಗ ಬೀಳುತ್ತದೋ ಎಂದು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ, ಅಷ್ಟೇ. ಹಾಗೆಂದಾಗ ಅವ್ವ ಹಣೆ ಹಣೆ ಬಡಿದುಕೊಂಡಳು.

ಮರಳುವ ಬಸ್ಸು ಸವದತ್ತಿ ದಾಟಿತು. ಆಮೇಲೆ ಅಪ್ಪ ಮೆಲ್ಲಗೆ, “ನಿನಗೇನ್ ಅನಸ್ತೈತವಾ?” ಎಂದ. ಅಪ್ಪ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. “ತಿಳೀವಲ್ದು,” ಎಂದೆ.

ಅಪ್ಪ ನಕ್ಕ. “ನಾ ಎಮ್ಮಿನೂ ನೋಡಲಾರದ ಕೊಳ್ಳಂಗಿಲ್ಲ. ಎರಡೂ ಕಡೆ ಹೋಗಿ ನೋಡೂಣು.”

ನೋಡಿದೆವು. ಕಾರ್ಖಾನೆಯಲ್ಲಿ ಸಕ್ಕರೆ ತೆಗೆದುಳಿದ ಕಾಕಂಬಿಯ ವಾಸನೆಗೆ ಮೂಗು ಮುಚ್ಚಿಕೊಂಡೆ, ಧಾರವಾಡದ ಲ್ಯಾಬಿನ ದೊಡ್ಡ ಕಿಟಕಿ ಹಿಡಿಸಿತು. ಇಷ್ಟೇ ಕಾರಣಕ್ಕೆ ಎಂ.ಎಸ್ಸಿ. ಸೇರಿದೆ. ಅದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ.

ಎದುರಿಗೆ ಹುಡುಗಿ ಕಾಯುತ್ತಿದ್ದಳು. ‘ಎರಡೂ ಕಡೆ ಹೋಗಿ ನೋಡು’ ಎಂಬ ಬುದ್ಧಿಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ನಿನಗೇನ್ ಅನಸ್ತೈತಿ?” ಎಂದೆ.

ಅವಳು ನೆಲ ನೋಡಿದಳು. “ನನಗ… ಎರಡೂ ಬ್ಯಾಡ ಅನಸ್ತೈತ್ರಿ.” ಹೇಳಿ ತಾನೇ ಬೆಚ್ಚಿದಳು. “ಮನ್ಯಾಗ ಹೇಳಬ್ಯಾಡ್ರಿ ಮತ್ತ.”

ನನಗೂ ಗಾಬರಿಯಾಯಿತು. ಅಂಥ ಉತ್ತರವೂ ಇರಬಹುದೆಂದು ಅಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ದೇವರಿಗೂ ನಾವು ಎರಡೇ ದಾರಿ ಕೊಟ್ಟಿದ್ದೆವು. ಮುಂದಿನ ಕ್ಲಾಸಿನ ಗಂಟೆ ಹೊಡೆಯಿತು. ನಾನು ಏಳಲಿಲ್ಲ.

“ಹೇಳಂಗಿಲ್ಲ,” ಎಂದೆ. “ಮತ್ತೇನ್ ಬೇಕವಾ ನಿನಗ?”