ಅಕ್ಕನ ನಾಡಿ, ನನ್ನ ಲೆಕ್ಕ

ಮೂವತ್ತು ವರ್ಷ ಹಳ್ಳಿಮೈಸೂರಿನ ಮಕ್ಕಳಿಗೆ ಗಣಿತ ಕಲಿಸಿದವನು ನಾನು. ಲೆಕ್ಕಕ್ಕೆ ಸಿಗದ್ದು ಯಾವುದೂ ಇಲ್ಲವೆಂಬ ಜಂಬ ನಿವೃತ್ತಿಯಾದ ಮೇಲೂ ಇಳಿದಿರಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ಹೊಳೆನರಸೀಪುರದ ನಮ್ಮ ಮನೆಗೆ ಬಂದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಬಿಪಿಗೆ ದಿನಾ ಒಂದು ಮಾತ್ರೆ ನುಂಗುತ್ತಿದ್ದಳು. ವಾಕಿಂಗ್ ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಮಾಡಿಸುವ ಉಸಾಬರಿ ನಾನು ವಹಿಸಿಕೊಂಡೆ.

ಇನ್ನೂರಿಪ್ಪತ್ತರಲ್ಲಿ ವಯಸ್ಸು ಕಳೆದರೆ ನಾಡಿಯ ಗರಿಷ್ಠ ಮಿತಿ ಸಿಗುತ್ತದೆಂದು ಎಲ್ಲೋ ಓದಿದ್ದೆ. ಅವಳ ಎಪ್ಪತ್ತು ವರ್ಷ ಕಳೆದೆ. ನೂರೈವತ್ತು. ನಡೆಯುವಾಗ ನಾಡಿ ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು, ಅಂದರೆ ನಿಮಿಷಕ್ಕೆ ನೂರೈದು ಸಲ ಬಡಿಯಬೇಕೆಂದು ತೀರ್ಮಾನಿಸಿ ನನ್ನ ಸ್ಮಾರ್ಟ್ ವಾಚನ್ನು ಅವಳ ಕೈಗೆ ಕಟ್ಟಿದೆ.

ಹೈಸ್ಕೂಲು ಮೈದಾನದಲ್ಲಿ ಎಷ್ಟು ಸುತ್ತು ಹಾಕಿಸಿದರೂ ವಾಚು ಎಂಬತ್ತೆಂಟು ದಾಟುತ್ತಿರಲಿಲ್ಲ. ಅಕ್ಕ ಮಾತ್ರ ಅವರೆಕಾಯಿ ರೇಟು, ಕೊಣನೂರಿನ ಓರಗಿತ್ತಿಯ ಮಂಡಿನೋವು ಎಂದು ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ಇದು ಮೈಗಳ್ಳತನವೇ ಸರಿ ಎಂದುಕೊಂಡೆ. ಐದನೇ ದಿನ ರೇಗಿಹೋಯಿತು.

“ಬಾಯ್ ಮುಚ್ಕಂಡ್ ಬಿರ್‍ನೆ ನಡಿಯಕ್ಕ. ಇದೇನ್ ಅರಳಿಕಟ್ಟೆನಾ?”

ಅವಳು ಸುಮ್ಮನಾದಳು. ಎರಡು ಸುತ್ತು ಒಂದು ಮಾತೂ ಇಲ್ಲ. ಅಂತೂ ಹೇಳಿದ್ದು ಕೇಳಿದಳಲ್ಲ ಎಂಬ ಖುಷಿಯಲ್ಲಿ ನಾನು ಮುಂದೆ ಮುಂದೆ ನಡೆದೆ. ತಿರುಗಿ ನೋಡಿದರೆ ಅಕ್ಕ ನೆಲದ ಮೇಲೆ ಕುಸಿದು ಕೂತಿದ್ದಳು. ಮುಖವೆಲ್ಲ ಬೆವರು, ಎದೆಯ ಮೇಲೆ ಕೈ. ಆ ಕೈಯಲ್ಲಿದ್ದ ವಾಚು ತೊಂಬತ್ತೆರಡು ತೋರಿಸುತ್ತಿತ್ತು.

ಹಾಸನದ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಡಾಕ್ಟರು ಅವಳ ಮಾತ್ರೆ ನೋಡಿ, ನನ್ನ ಲೆಕ್ಕವನ್ನೂ ಕೇಳಿದರು.

“ಈ ಮಾತ್ರೆ ನಾಡೀನ ಏರೋಕೆ ಬಿಡಲ್ಲ ಸರ್. ಎದೆ ಎಷ್ಟು ಕಷ್ಟಪಟ್ರೂ ವಾಚಲ್ಲಿ ಕಾಣಲ್ಲ. ನಡೀತಾ ಮಾತಾಡೋಕಾಗ್ತಿದ್ಯಾ ನೋಡ್ಕೊಳ್ಳಿ. ಮಾತು ನಿಂತ್ರೆ ನೀವೂ ನಿಲ್ಲಿ.”

ಅವಳ ಮಾತು ನಿಲ್ಲಿಸಿದವನೇ ನಾನು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ತಿಂಗಳು ಕಳೆದು, ಡಾಕ್ಟರು ಒಪ್ಪಿದ ಮೇಲೆ, ಮತ್ತೆ ಮೈದಾನಕ್ಕೆ ಹೋದೆವು. ವಾಚು ಬೀರುವಿನಲ್ಲಿತ್ತು. ಮೆಲ್ಲಗೇ ನಡೆದೆವು. ಆದರೆ ಅಕ್ಕ ತುಟಿ ಬಿಚ್ಚಲಿಲ್ಲ. ಅರ್ಧ ಸುತ್ತಿಗೆ ನನ್ನ ಎದೆಯೇ ಹೊಡೆದುಕೊಳ್ಳತೊಡಗಿತು.

“ಏನಾರ ಮಾತಾಡಕ್ಕ.”

“ಬಾಯ್ ಮುಚ್ಕ ಅಂದೋನು ನೀನೇ ಅಲ್ವೇನ್ಲಾ?”

ಒಂದೇ ಉಸಿರಿಗೆ ಅಂದಳು. ನನಗೆ ಅಷ್ಟೇ ಬೇಕಾಗಿತ್ತು. ಆಮೇಲೆ ಮನೆ ಸೇರುವವರೆಗೂ ಬೈದಳು. ಪಕ್ಕದಲ್ಲೇ ನಡೆಯುತ್ತ, ಒಂದು ಮಾತೂ ಬಿಡದೆ ಕೇಳಿಸಿಕೊಂಡೆ.