ಎರಡು ಬೀಗ ಬಿದ್ದ ವಾಲ್ವ್

ಕೊರೊನಾ ಮುಗಿದ ಮರುವರ್ಷದ ಬೇಸಿಗೆ. ದಹಿಸರ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ ನಾನು ಪಂಪ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಆಗ ಹನ್ನೊಂದು ವರ್ಷವಾಗಿತ್ತು. ನನಗೆ ಅರವತ್ತೈದು ವಯಸ್ಸು, ಓದಿದ್ದು ಎರಡನೇ ಇಯತ್ತೆ. ಮೊದಲು ಆ ಕೆಲಸ ನನ್ನ ಗಂಡನದು. ಅವನು ಸತ್ತ ಮೇಲೆ ಬೇರೆಯವರನ್ನು ಹುಡುಕುವ ಬೇಸರಕ್ಕೆ ನನಗೇ ಕೊಟ್ಟರು. ಕೆಲಸದ ಜೊತೆಗೆ ಇರಲಿಕ್ಕೆ ಪಂಪ್ ಪಕ್ಕದ ಒಂದು ಕೋಣೆ, ಖೋಲಿ. ಅದು ಹೋದರೆ ಹೆಣ್ಣುಮಕ್ಕಳ ಮನೆಬಾಗಿಲಿಗೆ ಹೋಗಿ ನಿಲ್ಲಬೇಕು, ಅದು ನನಗೆ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಜಗಳ ಉಳಿದವರಿಗೆ ನೀರಿನದು, ನನಗೆ ಖೋಲಿಯದು.

ಸೊಸೈಟಿ ವಿಜಯಪುರ ಕಡೆಯ, ನಡುವೆ ಹೊಳೆ ಇರುವ ಎರಡು ಹಳ್ಳಿಯವರದು. ಗಾರೆ, ಸೆಂಟ್ರಿಂಗ್ ಕೆಲಸಕ್ಕೆ ಬಂದವರು ಮೂವತ್ತು ವರ್ಷ ಕಂಡವರ ಬಿಲ್ಡಿಂಗ್ ಕಟ್ಟಿ, ಕೊನೆಗೆ ತಮ್ಮದೂ ಒಂದು ಕಟ್ಟಿಸಿಕೊಂಡರು. ಏಳು ಮಹಡಿ, ಇಪ್ಪತ್ತೆಂಟು ಮನೆ. ಎ ವಿಂಗ್‌ನಲ್ಲಿ ಹೊಳೆ ಈಚೆಯ ಹಳ್ಳಿ, ಬಿ ವಿಂಗ್‌ನಲ್ಲಿ ಆಚೆಯ ಹಳ್ಳಿ. ಲಿಫ್ಟ್ ಬಂತು, ಗೇಟಿಗೆ ವಾಚ್‌ಮನ್ ಬಂದ, ಹೊಳೆ ಮಾತ್ರ ಎರಡು ವಿಂಗ್‌ನ ನಡುವೆ ಹಾಗೇ ಹರಿಯುತ್ತಿತ್ತು. ನಾನು ಈಚೆಯ ಹಳ್ಳಿಯವಳು, ಖೋಲಿ ಇರುವುದು ಬಿ ವಿಂಗ್ ಕೆಳಗೆ. ಹಾಗಾಗಿ ಇಬ್ಬರಿಗೂ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ.

ನೀರಿನ ಕ್ರಮ ಹೀಗೆ. ಮುನ್ಸಿಪಾಲಿಟಿ ನೀರು ನಸುಕಿನಲ್ಲಿ ನೆಲದ ಟ್ಯಾಂಕಿಗೆ ಬರುತ್ತದೆ. ಪಂಪ್ ಹಾಕಿ ಟೆರೇಸಿನ ಟ್ಯಾಂಕ್ ತುಂಬಿಸಬೇಕು. ಅಲ್ಲಿಂದ ಎರಡು ಪೈಪ್, ವಿಂಗ್‌ಗೊಂದು ವಾಲ್ವ್. ವಾಲ್ವ್ ಅಂದರೆ ಚಕ್ರ ತಿರುಗಿಸಿ ತೆರೆಯುವ ನೀರಿನ ಬಾಗಿಲು. ಆರಕ್ಕೆ ತೆರೆಯುವುದು, ಏಳಕ್ಕೆ ಮುಚ್ಚುವುದು. ಎರಡಕ್ಕೂ ಹದಿನಾಲ್ಕು ಸುತ್ತು, ಹೆಚ್ಚಿಲ್ಲ, ಕಡಿಮೆ ಇಲ್ಲ.

ಆ ಬೇಸಿಗೆಯಲ್ಲಿ ಒಂದು ದಿನ ಎಲ್ಲೋ ಪೈಪ್ ರಿಪೇರಿಯಿಂದ ಟ್ಯಾಂಕ್ ಅರ್ಧವೇ ತುಂಬಿತು. ಮರುದಿನ ಸರಿಹೋಯಿತು. ಆದರೆ ಅವತ್ತಿನಿಂದ ಟ್ಯಾಂಕ್ ತುಂಬಿ ತುಳುಕಿದರೂ ಆರೂವರೆಗೆ ಖಾಲಿ. ಮೇಲಿನ ಮಹಡಿಗಳ ನಲ್ಲಿಯಲ್ಲಿ ಬರೀ ಗಾಳಿ. ಎ ವಿಂಗ್‌ನವರು ಬಿ ವಿಂಗ್ ಕದಿಯುತ್ತದೆ ಅಂದರು, ಬಿ ವಿಂಗ್‌ನವರು ಎ ವಿಂಗ್ ಅಂದರು. ಹತ್ತು ದಿನ ಹೀಗೆ ಅಂದುಕೊಂಡು ಸಾಕಾದ ಮೇಲೆ ಎರಡೂ ಕಡೆಯವರಿಗೆ ನಾನು ಕಂಡೆ.

ಮೀಟಿಂಗ್ ಕರೆದರು. ಸೆಕ್ರೆಟರಿ ಮಲ್ಲಪ್ಪ, ಎ ವಿಂಗ್ ಏಳನೇ ಮಹಡಿಯವನು, ಎಲ್ಲರೆದುರು ಕೇಳಿದ:

“ಯಮ್ಮಾ, ಖರೆ ಹೇಳಿಬಿಡು. ಬಿಲ್ಡಿಂಗ್ ಹಿಂದಿನ ಚಾಳಿನ ಮಂದಿಗೆ ನೀರು ಮಾರಾಕತ್ತೀ ಏನು?”

“ಮಾರಿದ್ರ ಕೈಯಾಗ ಬಂಗಾರದ ಬಳಿ ಇರ್ತಿದ್ದುವು. ಇವು ಪ್ಲಾಸ್ಟಿಕ್ ಅದಾವ, ಮುಟ್ಟಿ ನೋಡು,” ಅಂದೆ.

ಬಿ ವಿಂಗ್‌ನ ಭೀಮಣ್ಣ ಎದ್ದು ನಿಂತ. “ಮಾರೂದಿಲ್ಲಪ್ಪಾ ಆಕಿ. ನಿಮ್ಮೂರಾಕಿ ಅಲ್ಲೇನು, ನಿಮಗ ಎರಡು ಸುತ್ತು ಜಾಸ್ತಿ ಬಿಡ್ತಾಳ, ಅಷ್ಟ!”

ತೀರ್ಮಾನವಾಯಿತು. ವಾಲ್ವ್‌ಗಳಿಗೆ ಸರಪಳಿ, ಸರಪಳಿಗೆ ಎರಡು ಬೀಗ. ಒಂದರ ಚಾವಿ ಮಲ್ಲಪ್ಪನ ಹತ್ತಿರ, ಇನ್ನೊಂದರದು ಭೀಮಣ್ಣನ ಹತ್ತಿರ. ಎಂಟು ದಿನದೊಳಗೆ ನೀರು ಸರಿಹೋಗದಿದ್ದರೆ ನಾನು ಖೋಲಿ ಖಾಲಿ ಮಾಡಬೇಕು.

ಮರುದಿನದಿಂದ ಇಬ್ಬರೂ ಲುಂಗಿಯಲ್ಲೇ ಟೆರೇಸಿಗೆ ಬಂದು ನಿಲ್ಲುವರು. ನಾನು ಚಕ್ರ ತಿರುಗಿಸುವುದು, ಅವರು ಎಣಿಸುವುದು.

“ಹನ್ನೆರಡು.”

“ಎಲ್ಲೀ ಹನ್ನೆರಡು? ಹನ್ನೊಂದು.”

“ನಿದ್ದಿಗಣ್ಣಾಗ ಎಣಸ್ತೀ ನೀ. ಯಮ್ಮಾ, ಬಂದ್ ಮಾಡು, ಮತ್ತ ಮೊದಲಿಂದ.”

ಹೀಗೆ ಕೈಗೆ ಬೊಬ್ಬೆ ಬಂತು. ನೀರು ಮಾತ್ರ ಆರೂವರೆ ದಾಟಿ ಬರಲಿಲ್ಲ, ಆರೂ ಇಪ್ಪತ್ತಕ್ಕೇ ನಿಲ್ಲತೊಡಗಿತು.

ನನಗೂ ಅನುಮಾನದ ಜಡ್ಡು ಹತ್ತಿತು. ಯಾರು ಬಕೆಟ್ ಹಿಡಿದು ಹೋದರೂ ಹಿಂದಿನಿಂದ ನೋಡುತ್ತಿದ್ದೆ. ಭೀಮಣ್ಣನ ಹೆಂಡತಿ ಗೌರವ್ವ ಎರಡು ನೀಲಿ ಡ್ರಮ್ಮು ಲಿಫ್ಟಿನಲ್ಲಿ ಏರಿಸಿದ್ದನ್ನು ಕಂಡಿದ್ದೆ. ಇವಳೇ ಕಳ್ಳಿ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದೆ. ಪುರಾವೆ ಬೇಕಿತ್ತು, ಅಷ್ಟೇ.

ಆರನೇ ದಿನ ಗಟಾರು ಕಟ್ಟಿಕೊಂಡಿತು. ಬಿಲ್ಡಿಂಗ್ ಹಿಂದೆ ಎರಡೂ ವಿಂಗ್‌ನ ಬಚ್ಚಲ ನೀರು ಬಂದು ಸೇರುವ ಗುಂಡಿಗೆ ಚೇಂಬರ್ ಅನ್ನುತ್ತಾರೆ. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿದೆ ಅನ್ನುವಾಗ ಅದರ ಮುಚ್ಚಳವನ್ನು ಹಾರೆಯಿಂದ ಎತ್ತಿದೆ. ಬಿ ವಿಂಗ್‌ನ ಪೈಪಿನಿಂದ ನೀರು ದಬದಬ ಬೀಳುತ್ತಿತ್ತು. ಸೋಪಿನ ನೊರೆ ಇಲ್ಲ, ವಾಸನೆ ಇಲ್ಲ, ಕುಡಿಯುವಂಥ ನೀರು. ವಾಲ್ವ್‌ಗೆ ಇನ್ನೂ ಬೀಗ. ಸಿಕ್ಕಳು ಗೌರವ್ವ ಅಂದುಕೊಂಡು ಎರಡನೇ ಮಹಡಿಗೆ ಓಡಿದೆ.

ಬಾಗಿಲು ತೆರೆದೇ ಇತ್ತು. ಅವಳು ಸೀರೆ ಎತ್ತಿ ಕಟ್ಟಿ, ಡ್ರಮ್ಮು ಬಾಗಿಸಿ ಬಚ್ಚಲಿಗೆ ಸುರಿಯುತ್ತಿದ್ದಳು.

“ಏನ ಮಾಡಾಕತ್ತೀ?”

“ಕಾಣಾಕತ್ತಿಲ್ಲೇನು? ನಿನ್ನಿ ನೀರು ಚೆಲ್ಲಾಕತ್ತೀನಿ. ತಂಗಳ ನೀರು ಕುಡಿತಾರೇನ್ ಯಾರರ?”

“ದಿನಾ ಒಂದು ಡ್ರಮ್ಮು ಕುಡಿತೀಯೇನ ನೀ?”

“ಅಯ್ಯ, ಡ್ರಮ್ಮು ತುಂಬೇ ಇದ್ರ ಹೊಸಾ ನೀರು ಎಲ್ಲಿ ಹಿಡೀಲಿ? ನಮ್ಮ ಪಾಲಿಂದು ಎ ವಿಂಗಿನವರು ಒಯ್ತಾರ. ನೀ ಚೆಲ್ಲೂದಿಲ್ಲೇನು?”

ಆ ಬೆಳಿಗ್ಗೆ ನನ್ನ ಕೊಡವನ್ನೂ ನಾನೇ ಚೆಲ್ಲಿ ಬಂದಿದ್ದೆ. ಊರಲ್ಲಿ ನಸುಕಿಗೆ ಹಳೆ ನೀರು ಚೆಲ್ಲಿ ಬಾವಿಯಿಂದ ಹೊಸ ನೀರು ತರುವುದು ಪದ್ಧತಿ. ಅದು ಒಂದು ಕೊಡದ ಪದ್ಧತಿ. ನೀರು ಕಡಿಮೆ ಬಂದ ಆ ಒಂದು ದಿನದ ಹೆದರಿಕೆಗೆ ಮನೆಮನೆಗೂ ಡ್ರಮ್ಮು ಬಂದಿದ್ದವು, ಪದ್ಧತಿ ಹಾಗೇ ಉಳಿದಿತ್ತು. ಕೆಳಗಿಳಿದು ಮತ್ತೆ ಬಗ್ಗಿ ನೋಡಿದೆ. ಎ ವಿಂಗ್‌ನ ಪೈಪೂ ಅಷ್ಟೇ ಜೋರಾಗಿ ಬೀಳುತ್ತಿತ್ತು.

ಏಳನೇ ದಿನ ಚಾವಿ ಹಿಡಿದು ಬಂದ ಇಬ್ಬರನ್ನೂ ಟೆರೇಸಿಗೆ ಬಿಡದೆ ಚೇಂಬರ್ ಹತ್ತಿರ ನಿಲ್ಲಿಸಿದೆ.

“ಬೀಗ ನಿಮ್ಮ ಕೈಯಾಗ ಅದಾವ. ನಲ್ಲಿ ಬಂದ್ ಅದಾವ. ಈ ನೀರು ಎಲ್ಲಿಂದ?”

“ಬಿ ವಿಂಗಿಂದು,” ಅಂದ ಮಲ್ಲಪ್ಪ.

“ಎ ವಿಂಗಿಂದು,” ಅಂದ ಭೀಮಣ್ಣ.

“ಎರಡೂ ಬಾಯಿ ನೋಡ್ರಿ. ಆಮ್ಯಾಗ ನಿಮ್ಮ ನಿಮ್ಮ ಮನಿ ಬಚ್ಚಲಾ ನೋಡಿ ಬರ್ರಿ.”

ಹೋದರು. ಬರುವಾಗ ಇಬ್ಬರ ಲುಂಗಿಯ ಅಂಚೂ ತೊಯ್ದಿತ್ತು.

ಅವತ್ತೇ ನನ್ನ ಖೋಲಿಯ ಗಡುವು ಮುಂದೂಡಿ, ನೋಟಿಸ್ ಹಚ್ಚಿದರು: ದೇವರಿಗೆ, ಕುಡಿಯಲಿಕ್ಕೆ ಒಂದು ಕೊಡ ಹೊಸ ನೀರು, ಡ್ರಮ್ಮಿನದು ಬಟ್ಟೆ ಪಾತ್ರೆಗೆ, ಮುಗಿಯುವ ತನಕ ತುಂಬುವಂತಿಲ್ಲ. ಎರಡು ದಿನ ಒಬ್ಬರ ಬಚ್ಚಲಿಗೆ ಇನ್ನೊಬ್ಬರು ಕಿವಿ ಕೊಟ್ಟು, ಅವರು ಚೆಲ್ಲುತ್ತಿಲ್ಲ ಅಂತ ಖಾತ್ರಿಯಾದ ಮೇಲೆಯೇ ತಾವೂ ಬಿಟ್ಟರು. ನೋಟಿಸ್ ಹಚ್ಚಿದ ಐದನೇ ದಿನ ನೀರು ಏಳರ ತನಕ ಬಂತು. ಬೀಗ ತೆಗೆದರು.

ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ. ಗೌರವ್ವನಿಗೆ ನಾನೂ ಅನ್ನಲಿಲ್ಲ. ಕಳ್ಳ ಸಿಕ್ಕಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಕಳ್ಳನೇ ಇಲ್ಲ ಅಂತಾದಾಗ ಮುಖ ಮುಖ ನೋಡಿಕೊಂಡರು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನೀರು ಕಡಿಮೆಯಾದರೆ ಎಲ್ಲರೂ ಮೇಲೆ ಟ್ಯಾಂಕ್ ನೋಡುತ್ತಾರೆ, ಬಗ್ಗಿ ಗಟಾರು ನೋಡುವವರು ಇಲ್ಲ. ಅಲ್ಲಿ ತಮ್ಮ ಮನೆಯದೂ ಹರಿಯುತ್ತಿರುತ್ತದಲ್ಲ.

ಮುಂದಿನ ಮೀಟಿಂಗ್‌ನಲ್ಲಿ ಮಲ್ಲಪ್ಪ, “ಯಮ್ಮಾ, ಖೋಲಿ ನಿಂದ ಐತಿ, ಆರಾಮ ಇರು,” ಅಂದ. ಅದನ್ನು ಠರಾವು ಪುಸ್ತಕದಲ್ಲಿ ಬರಿ ಅಂದೆ. ಬರೆದ. ಎ ವಿಂಗ್‌ನ ಒಬ್ಬಳ ಕೈಲಿ ಓದಿಸಿದೆ. ಆಮೇಲೆ ಅವಳನ್ನು ಹೊರಗೆ ಕಳಿಸಿ, ಗೌರವ್ವನ ಮಗಳ ಕೈಲಿ ಇನ್ನೊಮ್ಮೆ ಓದಿಸಿದೆ. ಇಬ್ಬರೂ ಓದಿದ್ದು ಒಂದೇ ಆಗಿತ್ತು. ಆಗ ಸಹಿ ಹಾಕಿದೆ.