ಶುಕ್ರವಾರ ಮಲಗಿಸಿದ ಯಂತ್ರ

ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳುವುದನ್ನು ಬಿಟ್ಟು ಆದೋನಿಯ ಹತ್ತಿ ಮಿಲ್ಲುಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳತೊಡಗಿದಾಗ ನನ್ನ ಜೊತೆಗೆ ಬಂದದ್ದು ತಪ್ಪು ಹುಡುಕುವ ಸ್ವಭಾವವೊಂದೇ. ತರಗತಿಯಲ್ಲಿ ಅದನ್ನು ಯಾರೂ ಸಹಿಸುತ್ತಿರಲಿಲ್ಲ. ಮಿಲ್ಲುಗಳಲ್ಲಿ ಅದಕ್ಕಾಗಿಯೇ ಕರೆಸಿ ಒಗ್ಗಾಣಿ, ಮಿರ್ಚಿ ತಿನ್ನಿಸುತ್ತಾರೆ.

ಆ ಶನಿವಾರ ಬೆಳಿಗ್ಗೆ ಕರೆ ಬಂದ ಮಿಲ್ಲಿನಲ್ಲಿ, ಟ್ರ್ಯಾಕ್ಟರುಗಳನ್ನು ತೂಗುವ ಕಾಟಾದ ತಂತ್ರಾಂಶ ಬಹಳ ಹಳೆಯದು. ಈಗಿನ ಯಾವ ಕಂಪ್ಯೂಟರಿನಲ್ಲೂ ಅದು ಓಡದು. ಆದ್ದರಿಂದ ಅದಕ್ಕೆ ಬೇಕಾದ ಹಳೆಯ ಕಂಪ್ಯೂಟರನ್ನೇ ವರ್ಚುವಲ್ ಮಷೀನಾಗಿ, ಅಂದರೆ ಬರಿಯ ಕಡತಗಳ ಕಂತೆಯಾಗಿ, ಸರ್ವರಿನೊಳಗೆ ಬಾಡಿಗೆಗೆ ಇಟ್ಟಂತೆ ಇರಿಸಿದ್ದರು. ಹೊಸ ಸರ್ವರು ಮಾರಿದ ಅಂಗಡಿಯವರು ಅಂದು ನಸುಕಿನಲ್ಲೇ ಬಂದು, ಆ ಕಂತೆಯನ್ನು ಹೊಸದಕ್ಕೆ ಸಾಗಿಸಿ, ಹಳೆಯದರ ಡಿಸ್ಕುಗಳನ್ನು ಅಳಿಸಿ, ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ತಳ್ಳಿ ಹೋಗಿದ್ದರು. ಹೊಸ ಮನೆಯಲ್ಲಿ ಮಷೀನು ಏಳಲಿಲ್ಲ.

ಗೇಟಿನಿಂದ ರಸ್ತೆಯವರೆಗೆ ಟ್ರ್ಯಾಕ್ಟರುಗಳು ನಿಂತಿದ್ದವು. ಕಾಟಾದ ಗುಮಾಸ್ತರು ವೈಷ್ಣವ ಮನೆತನದವರು, ತಲೆ ಪೂರ್ತಿ ನೆರೆತವರು. ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದ ಅವರನ್ನು ಹೊರಗಿನಿಂದ ಒಬ್ಬ ಡ್ರೈವರ್ ಕೂಗಿ ಕೇಳಿದ: "ಏನ್ ಸ್ವಾಮಿ, ನಿಮ್ ಕಾಟಾನೂ ಏಕಾದಶಿ ಉಪಾಸ ಮಾಡಾಕತ್ತೈತೇನು?"

ಸಾಲಿನುದ್ದಕ್ಕೂ ನಗೆ ಹರಿಯಿತು. ಮಿಲ್ಲಿನ ಸಾವ್ಕಾರರೂ ನಕ್ಕರು.

"ಬರ್ರಿ ಸಾರ್. ನಿನ್ನಿ ಸ್ವಾಮೇರು ಏನೋ ಮಂತ್ರ ಹಾಕ್ಯಾರ, ಮಷೀನು ಕಣ್ಣು ಬಿಡವಲ್ದು." ಆಮೇಲೆ ಗುಮಾಸ್ತರ ಕಡೆ ತಿರುಗಿದರು. "ನಿನ್ನಿ ಸಂಜಿ ತೂಕ ಹೋದ್ವು ಅಂದ್ರ ನೀವೂ ಹೋದ್ರಿ ಅಂತ ತಿಳ್ಕೊರಿ."

ಹಿಂದಿನ ಸಂಜೆ ಪೆದ್ದಕಡುಬೂರಿನ ಕೆಲವು ರೈತರ ಹತ್ತಿ ತೂಗಿ ಇಳಿಸಲಾಗಿತ್ತು. ದಿನದ ಲೆಕ್ಕ ಮುಗಿಸಿದ ಮೇಲಷ್ಟೇ ಆ ತಂತ್ರಾಂಶ ತೂಕಗಳನ್ನು ಡಿಸ್ಕಿಗೆ ಬರೆಯುತ್ತದೆ, ಚೀಟಿಗಳನ್ನು ಅಚ್ಚು ಹಾಕುತ್ತದೆ. ಶುಕ್ರವಾರ ಮಾತ್ರ ಗುಮಾಸ್ತರು ಲೆಕ್ಕ ಮುಗಿಸುತ್ತಿರಲಿಲ್ಲ.

"ಅವ್ವಾರು ಹೇಳಿದ್ದನ್ನs ಮಾಡೀನ್ರಿ ಸಾವ್ಕಾರ್ರೆ. ಶುಕ್ರವಾರ ದೀಪ ಹಚ್ಚಿದ ಮ್ಯಾಲೆ ಲೆಕ್ಕ ಮುಗಸಬಾರ್ದು, ಮಷೀನು ಆರಸಬಾರ್ದು, ಲಕ್ಷ್ಮಿ ಹೊರಗ ಹೋಗ್ತಾಳ ಅಂತ ಅವ್ರದs ಕಟ್ಟಪ್ಪಣಿ. ಅದಕ್ಕ ಮಲಗಿಸಿದ್ದೆ."

"ನಮ್ಮವ್ವ ಸತ್ತು ಸ್ವರ್ಗದಾಗ ಅದಾಳ. ಹೋಗಿ ಕೇಳ್ಕೊಂಡು ಬರ್ತೀರೇನು?"

ನಾನು ಕೆಲಸಕ್ಕೆ ಕುಳಿತೆ. ಪರದೆಯ ಮೇಲೆ 'ವಿಫಲವಾಯಿತು' ಎಂದಷ್ಟೇ ಇತ್ತು; ಯಾವುದು, ಏಕೆ ಎಂಬುದಿರಲಿಲ್ಲ. ಇಂಥ ಉತ್ತರ ಬರೆದವರಿಗೆ ನಾನು ಹಿಂದೆ ಸೊನ್ನೆ ಕೊಡುತ್ತಿದ್ದೆ. ಮೊದಲು ಇಡೀ ಕಂತೆಯ ಒಂದು ಪ್ರತಿಯನ್ನು ತೆಗೆದಿಟ್ಟೆ. ಡಿಸ್ಕಿನ ಕಡತ ಪೂರ್ಣವಾಗಿದೆಯೇ ಎಂದು ನೋಡಿದೆ; ಪೂರ್ಣವಾಗಿತ್ತು. ಅದರ ವಿಳಾಸ ಸರಿಯಿತ್ತು, ನೆಟ್‌ವರ್ಕಿನ ಜೋಡಣೆಯೂ ಸರಿಯಿತ್ತು. ಕೊನೆಗೆ ಮಷೀನಿನ ಸ್ಥಿತಿಯನ್ನು ನೋಡಿದೆ. ಅದು ಆರಿರಲಿಲ್ಲ, ಮಲಗಿತ್ತು.

ಮಲಗಿಸುವುದೆಂದರೆ ಆ ಗಳಿಗೆಯ ನೆನಪನ್ನೆಲ್ಲ ಒಂದು ಕಡತದಲ್ಲಿ ಹಿಡಿದಿಡುವುದು. ಆ ನೆನಪು ತಾನು ಮಲಗಿದಾಗಿನ ಪ್ರೊಸೆಸರಿನ ಜಾತಿಯನ್ನು ಬಿಟ್ಟು ಬೇರೆಡೆ ಎಚ್ಚರಗೊಳ್ಳದು. ಹಳೆಯ ಸರ್ವರಿನ ಪ್ರೊಸೆಸರು ಒಂದು ಕಂಪನಿಯದು, ಹೊಸದರದು ಇನ್ನೊಂದರದು. ನಾನು ತೆಗೆದಿಟ್ಟ ಪ್ರತಿಯಲ್ಲಿ ಆ ನೆನಪನ್ನು ಅಳಿಸಿ ನೋಡಿದೆ. ಮಷೀನು ತಕ್ಷಣ ಎದ್ದಿತು. ಶುಕ್ರವಾರದ ಪುಟ ಮಾತ್ರ ಖಾಲಿಯಿತ್ತು.

"ದಾರಿಯಿದೆ," ಎಂದೆ. "ಈ ಪ್ರತಿಯಿಂದ ಈಗಲೇ ತೂಕ ಆರಂಭಿಸಿರಿ. ಮೂಲ ಕಂತೆಯನ್ನು ಮುಟ್ಟಬೇಡಿರಿ. ಹಿಂದಿನ ಕೋಣೆಯ ಹಳೆಯ ಸರ್ವರಿಗೆ ಒಂದು ಡಿಸ್ಕು ಹಾಕಿ, ಮೂಲವನ್ನು ಅಲ್ಲಿ ಎಬ್ಬಿಸಿ, ಸಂಜೆಯೊಳಗೆ ನಿನ್ನೆಯ ತೂಕಗಳನ್ನು ತೆಗೆದುಕೊಡುತ್ತೇನೆ."

ಗುಮಾಸ್ತರು ಬೆಳಗಿನಿಂದ ಮೊದಲ ಬಾರಿಗೆ ತಮ್ಮ ಕುರ್ಚಿಯಲ್ಲಿ ಕುಳಿತರು.

ಸಾವ್ಕಾರರು ಬಾಗಿಲು ಮುಂದೆ ಮಾಡಿದರು. "ಅಂದ್ರ ಆ ತೂಕ ಇನ್ನೂ ಅದಾವ?"

"ಇವೆ."

"ನಿಮ್ಮಿಬ್ಬರನ್ನ ಬಿಟ್ರ ಯಾರಿಗಾರ ಗೊತ್ತೈತೇನು?" ಉತ್ತರಕ್ಕೆ ಅವರು ಕಾಯಲಿಲ್ಲ. "ಹತ್ತಿ ಆಗಲೇ ರಾಶಿಗೆ ಬಿದ್ದೈತಿ, ತಿರುಗಿ ತೂಗಾಕ ಬರಲ್ಲ. ಅಂದಾಜಿಗೆ ನಾನs ಬರಕೊಡ್ತೀನಿ. ಆ ಮಲಗಿದ್ದನ್ನ ಅಳಿಸಿಬಿಡ್ರಿ ಸಾರ್."

"ಅಳಿಸುವ ಅಗತ್ಯವೇ ಇಲ್ಲ. ನಾನು ಅಳಿಸುವುದಿಲ್ಲ," ಎಂದು ಕೀಲಿಮಣೆಯಿಂದ ಕೈ ತೆಗೆದೆ.

"ನೀವ್ಯಾಕ ಕೈ ಹೊಲಸು ಮಾಡ್ಕೊಂತೀರಿ? ಸ್ವಾಮೇರು ಅದಾರ." ಅವರು ಕೀಲಿಮಣೆಯನ್ನು ಗುಮಾಸ್ತರ ಮುಂದಕ್ಕೆ ಸರಿಸಿದರು. "ಒತ್ರಿ. ಒತ್ತಿದ್ರ ಸೋಮವಾರ ಇದs ಕುರ್ಚಿಗೆ ಬರ್ರಿ. ಇಲ್ಲಾಂದ್ರ ಈಗs ಏಳ್ರಿ."

"ಒತ್ತಬೇಡಿರಿ," ಎಂದೆ ನಾನು.

ಗುಮಾಸ್ತರು ನನ್ನನ್ನು ನೋಡಿದರು. "ಸಾರ್, ಇವ್ರು ಏಳ್ರಿ ಅಂದ್ರ ನೀವು ಇನ್ನೊಂದು ಕುರ್ಚಿ ಕೊಡಸ್ತೀರೇನು?"

ಅವರು ತಿರುಗಿ ಮೂಲ ಕಂತೆಯ ನೆನಪಿನ ಕಡತವನ್ನು ಆರಿಸಿದರು. ಒತ್ತಿದರು. ಯಂತ್ರ ಮತ್ತೊಮ್ಮೆ ಖಚಿತವೇ ಎಂದು ಕೇಳಿತು. ಅದಕ್ಕೂ ಒತ್ತಿದರು.

ಸಾಲು ಚಲಿಸಿತು. ಕಾಟಾ ಒಂದು ಬಾರಿಯೂ ತಡವರಿಸಲಿಲ್ಲ. ಅಂಥ ನಿರ್ದೋಷವಾದ ಸ್ಥಳಾಂತರವನ್ನು ನಾನು ಮತ್ತೆ ಕಂಡಿಲ್ಲ. ಗುಮಾಸ್ತರು ಮಧ್ಯಾಹ್ನದವರೆಗೆ ತಲೆಯೆತ್ತದೆ ಟ್ರ್ಯಾಕ್ಟರುಗಳನ್ನು ತೂಗಿದರು. ಸಾವ್ಕಾರರು ಅವರಿಗೂ ಒಂದು ಪೊಟ್ಟಣ ಮಿರ್ಚಿ ತರಿಸಿದರು.

ಊಟದ ಹೊತ್ತಿಗೆ ಪೆದ್ದಕಡುಬೂರಿನವರು ಆಟೊದಲ್ಲಿ ಬಂದಿಳಿದು ಚೀಟಿ ಕೇಳಿದರು. ಗುಮಾಸ್ತರು ಬಾಯಿ ತೆರೆಯುವ ಮೊದಲೇ ಸಾವ್ಕಾರರು ಕಿಟಕಿಗೆ ಬಂದರು.

"ಯಪ್ಪಾ, ಏನಂತ ಹೇಳ್ಲಿ? ನಿಮ್ ತೂಕ ಎಲ್ಲಾ ಸ್ವಾಮೇರು ಕೈಯಾರ ಅಳಿಸ್ಯಾರ. ಸಾರ್ ಎದುರಿಗೇ ಇದ್ರು, ಕೇಳ್ರಿ."

ಅವರಲ್ಲಿ ಹಿರಿಯನಾದವನು ನನ್ನ ಕಡೆ ನೋಡಿದ. "ಹೌದೇನ್ರಿ ಸಾರ್? ಈತನs ಅಳಿಸ್ಯಾನೇನು?"

"ಅಳಿಸಿದ್ದು ಅವರೇ ನಿಜ. ಆದರೆ ಬಲವಂತದಿಂದ ಅವರ ಕೈಯಲ್ಲಿ..."

ಉಳಿದದ್ದು ಕೂಗಿನಲ್ಲಿ ಮುಳುಗಿತು. "ಹೌದಂತಲೇ! ದಿನಾ ನಾಮ ಎಳ್ಕೊಂಡು ಬಂದು ನಮ್ಮ ಹೊಟ್ಟಿಗೇ ಎಳದೀಯಲ್ಲೋ!" ಯಾರೋ ಕಿಟಕಿಯ ಸರಳುಗಳ ನಡುವಿನಿಂದ ಗುಮಾಸ್ತರ ಅಂಗಿ ಹಿಡಿದೆಳೆದರು, ಗುಂಡಿಯೊಂದು ಕಿತ್ತು ಮೇಜಿನ ಮೇಲೆ ಬಿತ್ತು.

"ಸಾವ್ಕಾರ್ರೆ, ನೀವs ಹೇಳಿದ್ರಿ..." ಎಂದರು ಗುಮಾಸ್ತರು.

ಸಾವ್ಕಾರರು ದನಿಯೇರಿಸಲಿಲ್ಲ. ಆಳುಗಳನ್ನು ಕೆಲಸದಿಂದ ಬಿಡಿಸುವ ಮಾತನ್ನು ಅವರು ತೆಲುಗಿನಲ್ಲೇ ಆಡುತ್ತಿದ್ದರು: "ಇಂಕ ಚಾಲು ಸ್ವಾಮಿ. ಇಂಟಿಕಿ ಪೋಂಡಿ." ಇನ್ನು ಸಾಕು, ಮನೆಗೆ ಹೋಗಿರಿ ಎಂದು.

ಗದ್ದಲ ಇಳಿದ ಮೇಲೆ ನಾನು ಹೊರಗೆ ಹೋಗಿ, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಆ ಹಿರಿಯನಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಇರಬೌದ್ರಿ ಸಾರ್. ಆದ್ರ ಈಗ ನಮಗ ತೂಕ ಬರಕೊಡೋರು ಯಾರು? ಸಾವ್ಕಾರ್ರು. ಆ ಸ್ವಾಮಿ ಬರಕೊಡ್ತಾನೇನು?"

ಒಳಗೆ ಗುಮಾಸ್ತರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಸಾವ್ಕಾರರು ಖಾಲಿಯಾದ ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದು, "ಬರ್ರಿ ಹಿರ್ಯಾರ, ಕುಂದುರ್ರಿ," ಎಂದು ಆ ರೈತನನ್ನು ಕೂಡಿಸಿ, ತಮ್ಮ ಅಂದಾಜಿನ ತೂಕವನ್ನು ಓದಿ ಹೇಳತೊಡಗಿದರು. ಅವನು ಎಲ್ಲದಕ್ಕೂ ತಲೆಯಾಡಿಸಿದ.